ಅಂತೂ ಬಂತು ಟಿಟ್‌ಫೀಲ್ಡ್ ರೈಲು!

ಓದುಗ ಗೆಳೆಯರೇ, ಮೊದಲೇ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದು ಓದುತ್ತಿರುವ ನೀವೆಲ್ಲ ಈ ಚಿತ್ರದ ಪ್ರಕಾರ ವಿಲನ್ ಪಾರ್ಟಿ! ಯಾಕೆಂದರೆ ಇದು ಬಸ್ಸಿಗೂ ರೈಲಿಗೂ ನಡೆಯುವ ಜಗಳದ ಕಥೆ. ಹೀರೋ ರೈಲು, ಖಳನಾಯಕ ಬಸ್ಸು. 1953ರಲ್ಲಿ ಇಂಗ್ಲೆಂಡಿನ ಈಲಿಂಗ್ ಸ್ಟುಡಿಯೋದವರು ತಯಾರಿಸಿದ ಈ ಕಾಮಿಡಿ ಚಿತ್ರದ ಹೆಸರು ‘ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್’.

ನಾಲಿಗೆ ತಿರುಗುವುದಿಲ್ಲ ಅಲ್ಲವೇ? ನನಗೂ ತಿರುಗಿರಲಿಲ್ಲ. ಪಿ.ಯು.ಸಿ.ಗೆ ದೊಡ್ಡ ನಮಸ್ಕಾರ ಹೊಡೆದ ವರ್ಷ, ಮೈಸೂರಿನ ಫುಟ್‌ಪಾತಿನಲ್ಲಿ ಹಳೇ ಇಂಗ್ಲಿಷ್ ಸಿನಿಮಾ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದೆ. ಒಂದು ಫೋಟೋ ನೋಡಿ ಕೈ ನಿಂತುಹೋಯಿತು. ರೈಲಿಂಜಿನ್ನೊಂದು ಹಳಿ ಬಿಟ್ಟು ರಸ್ತೆಗೆ ಬಂದಿದೆ! ಪುಸ್ತಕದ ರೇಟು ಕೇಳಿ ಮೆಲ್ಲಗೆ ಕೆಳಗಿಟ್ಟೆ. ಚಿತ್ರದ ಹೆಸರನ್ನು ಮಾತ್ರ ಬಸ್ ಟಿಕೆಟ್ಟಿನ ಹಿಂದೆ ಗೀಚಿಕೊಂಡು ಬಂದೆ.

ರೈಲೆಂದರೆ ಇವನಿಗೇನು ಇಷ್ಟು ಹುಚ್ಚು ಅಂತೀರಾ? ನಮ್ಮದು ಮಳವಳ್ಳಿ ಸ್ವಾಮಿ! ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ಹಳಿ 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಮದ್ದೂರಿಗೆ ಸ್ಟೇಷನ್ ಬಂತು, ಮಂಡ್ಯಕ್ಕೂ ಬಂತು. ಮದ್ದೂರು ಸ್ಟೇಷನ್ನಿನಲ್ಲಿ 1917ರಲ್ಲಿ ಹುಟ್ಟಿದ ವಡೆ ಊರಿನ ಹೆಸರನ್ನು ದೇಶಕ್ಕೆಲ್ಲ ಹಂಚಿತು. ನಮ್ಮ ಮಳವಳ್ಳಿಗೆ? ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿದೆ. ಆ ರೈಲು ಇವತ್ತಿಗೂ ಎಲೆಕ್ಷನ್ ಭಾಷಣದಲ್ಲಿ ಮಾತ್ರ ಓಡಾಡುತ್ತಿದೆ. ಚಿಕ್ಕವನಿದ್ದಾಗ ನನಗೆ ರೈಲು ತೋರಿಸಬೇಕೆಂದರೆ ಕೆ.ಎಂ. ದೊಡ್ಡಿ ದಾಟಿ ಮದ್ದೂರಿಗೇ ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ನಮ್ಮ ಸೋದರಮಾವ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಶಿಂಷಾ ಸೇತುವೆ ಮೇಲೆ ರೈಲು ಬರುವ ಸದ್ದು ಕೇಳಿಸಿಕೊಂಡು ಕೂರುವುದೇ ನನಗೆ ಜಾತ್ರೆ.

ಹೀಗೆ ಶುರುವಾದ ಕಾಯುವಿಕೆ ಹತ್ತು ವರ್ಷ ನಡೆಯಿತು. ಮಂಡ್ಯದ ಸಿ.ಡಿ. ಅಂಗಡಿಯಲ್ಲಿ ‘ಥಂಡರ್‌ಬೋಲ್ಟ್ ಇದೆಯೇನಣ್ಣ?’ ಅಂದರೆ, ಜೇಮ್ಸ್ ಬಾಂಡನ ‘ಥಂಡರ್‌ಬಾಲ್’ ತೆಗೆದುಕೊಟ್ಟರು! ಮೊಬೈಲಿನಲ್ಲಿ ಎರಡು ಮೂರು ನಿಮಿಷದ ತುಣುಕುಗಳು ಸಿಕ್ಕವು. ನೋಡಲಿಲ್ಲ. ಹಬ್ಬದ ದಿನ ಎಲೆ ಹಾಕುವ ಮೊದಲೇ ಅಡುಗೆಮನೆಗೆ ನುಗ್ಗಿ ಯಾರಾದರೂ ಒಬ್ಬಟ್ಟು ಮುರಿದುಕೊಂಡು ತಿಂತಾರಾ? ಕೊನೆಗೆ ಲಂಡನ್ನಿನಲ್ಲಿ ಕೆಲಸದಲ್ಲಿರುವ ಗೆಳೆಯನೊಬ್ಬ ಊರಿಗೆ ಬಂದಾಗ ಡಿಸ್ಕ್ ತಂದುಕೊಟ್ಟ. ಮದ್ದೂರಿನ ಇನ್ನೊಬ್ಬ ಗೆಳೆಯನ ಫೋಟೋ ಸ್ಟುಡಿಯೋದಲ್ಲಿ, ರಾತ್ರಿ ಅರ್ಧ ಶಟರ್ ಎಳೆದು, ಮದುವೆ ವಿಡಿಯೋ ತೋರಿಸುವ ಟಿ.ವಿ.ಯಲ್ಲಿ ನಮ್ಮ ಷೋ. ಪ್ರೇಕ್ಷಕರು ಮೂವರು: ನಾನು, ಸ್ಟುಡಿಯೋ ಗೆಳೆಯ, ರಿಟೈರಾದ ಮಾವ.

‘ಏನ್ ಅಳೀಮಯ್ಯ, ಇಂಗ್ಲೀಸ್ ಪಿಚ್ಚರ್ರಾ? ನಂಗೇನ್ ಅರ್ಥಾದದು?’ ಅಂದರು ಮಾವ.

‘ಇದು ನಿಮ್ಮ ಡಿಪಾರ್ಟ್‌ಮೆಂಟಿನದೇ ಮಾವ, ಕೂತ್ಕಳಿ’ ಅಂದೆ.

ಕಥೆ ಇಷ್ಟೇ. ಟಿಟ್‌ಫೀಲ್ಡ್ ಎಂಬ ಹಳ್ಳಿಯ ಪುಟ್ಟ ರೈಲು ಮಾರ್ಗವನ್ನು ಮುಚ್ಚುವುದಾಗಿ ಸರ್ಕಾರ ನೋಟೀಸು ಅಂಟಿಸುತ್ತದೆ. ಊರವರು ‘ಹಾಗಾದರೆ ನಾವೇ ಓಡಿಸ್ತೀವಿ’ ಅಂತ ಎದ್ದು ನಿಲ್ಲುತ್ತಾರೆ. ಊರಿನ ಪಾದ್ರಿಯೇ ಡ್ರೈವರು! ದುಡ್ಡು ಹಾಕುವವನು ಊರಿನ ಸಾಹುಕಾರ, ಪಾತ್ರಧಾರಿ ಸ್ಟ್ಯಾನ್ಲಿ ಹಾಲೋವೇ. ಅವನಿಗೆ ರೈಲಿನ ಮೇಲೆ ಪ್ರೀತಿಯೇನೂ ಇಲ್ಲ. ಹೆಂಡದಂಗಡಿ ಬೆಳಿಗ್ಗೆ ತೆರೆಯುವುದಿಲ್ಲ, ಓಡುವ ರೈಲಿನ ಬಾರಿಗೆ ಆ ಟೈಮಿನ ಕಟ್ಟುಪಾಡಿಲ್ಲ ಎಂದು ಗೊತ್ತಾದ ತಕ್ಷಣ ಚೆಕ್ ಪುಸ್ತಕಕ್ಕೆ ಕೈ ಹಾಕುತ್ತಾನೆ! ಒಳ್ಳೇ ಕೆಲಸಕ್ಕೆ ಒಬ್ಬ ಭಕ್ತಿಯಿಂದ ಬರುತ್ತಾನೆ, ಇನ್ನೊಬ್ಬ ಬಾಟಲಿ ಆಸೆಯಿಂದ ಬರುತ್ತಾನೆ. ಬಂದರೆ ಸಾಕು ಅನ್ನುತ್ತದೆ ಚಿತ್ರ.

ನಿಜ ಹೇಳಬೇಕೆಂದರೆ ಮೊದಲ ಕಾಲು ಗಂಟೆ ಸ್ವಲ್ಪ ಎಳೆಯುತ್ತದೆ. ಹಾಡಿಲ್ಲ, ಹೀರೋಯಿನ್ ಇಲ್ಲ, ಫೈಟ್ ಅಂದರೆ ರೈಲಿಂಜಿನ್ನಿಗೂ ರಸ್ತೆ ರೋಲರಿಗೂ ನಡೆಯುವ ಗುದ್ದಾಟ! ಹತ್ತು ವರ್ಷ ಯಾವ ದೃಶ್ಯಕ್ಕೆ ಕಾದಿದ್ದೆನೋ ಅದೂ ಬಂತು. ಕುಡಿದ ಅಮಲಿನಲ್ಲಿ ಇಬ್ಬರು ಇಂಜಿನ್ನು ಕದ್ದು ರಸ್ತೆಗಿಳಿಸಿ, ಮರಕ್ಕೆ ಗುದ್ದುತ್ತಾರೆ. ಬಿದ್ದೂ ಬಿದ್ದೂ ನಕ್ಕೆವು. ಆದರೆ ಮನಸ್ಸಿನಲ್ಲಿ ಕೂತದ್ದು ಬೇರೊಂದು ದೃಶ್ಯ.

ಬಸ್ಸಿನವರ ಕಡೆಯವನು ಇಂಜಿನ್ನಿಗೆ ನೀರು ಕೊಡುವ ಟ್ಯಾಂಕನ್ನು ಹಾಳು ಮಾಡುತ್ತಾನೆ. ನೀರಿಲ್ಲದೆ ಉಗಿಬಂಡಿ ಓಡೀತೇ? ಆಗ ಪ್ರಯಾಣಿಕರೆಲ್ಲ ಕೆಳಗಿಳಿದು, ಬಕೆಟ್ಟು, ಕೈಗೆ ಸಿಕ್ಕ ಪಾತ್ರೆ ಹಿಡಿದು ನೀರು ತುಂಬುತ್ತಾರೆ. ಸಬ್‌ಟೈಟಲ್ ಓದಿ ನಾನು ನಗುವಷ್ಟರಲ್ಲಿ ಮಾವ ಆಗಲೇ ನಕ್ಕು ಮುಗಿಸಿದ್ದರು. ‘ಇಂಜಿನ್‌ಗೆ ಬಾಯಾರಿದ್ರೆ ಸಾಹುಕಾರ್ನೂ ಬಿಂದಿಗೆ ಹಿಡೀಬೇಕು ಕಣಪ್ಪ!’ ಕ್ಲೈಮ್ಯಾಕ್ಸಿನಲ್ಲಿ ಇಂಜಿನ್ನಿಗೂ ಬೋಗಿಗೂ ಸರಿಯಾದ ಕೊಕ್ಕೆ ಇಲ್ಲದೆ ಹಗ್ಗ ಬಿಗಿಯುತ್ತಾರೆ. ಮಾವ ಸೀಟಿನ ತುದಿಗೆ ಬಂದರು. ‘ಕಿತ್ಕತ್ತದೆ ನೋಡ್ತಿರು...’ ಕಿತ್ತೇಹೋಯಿತು! ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರಿಗೆ ತಿಳಿಯದ ಹಾಗೆ ಊರವರು ಒಟ್ಟುಗೂಡಿ ಇಂಜಿನ್ನನ್ನೂ ಬೋಗಿಯನ್ನೂ ಮತ್ತೆ ಜೋಡಿಸಿದಾಗ, ಒಂದಕ್ಷರ ಇಂಗ್ಲಿಷ್ ಬಾರದ ನಮ್ಮ ಮಾವ ಚಪ್ಪಾಳೆ ಹೊಡೆದರು. ರೈಲು ತಡವಾಗಿಯೇ ಮುಟ್ಟುತ್ತದೆ. ಅದೇ ಒಳ್ಳೆಯದಾಗುತ್ತದೆ, ಇನ್ನೂ ಜೋರಾಗಿ ಓಡಿದ್ದರೆ ಲೈಸೆನ್ಸೇ ಸಿಗುತ್ತಿರಲಿಲ್ಲ! ಯಾಕೆ ಅನ್ನುವುದನ್ನು ಚಿತ್ರದಲ್ಲೇ ನೋಡಿ.

ಟೆಕ್ನಿಕಲ್ ವಿಷಯ ಬೇಕೆನ್ನುವವರಿಗೆ ಒಂದೆರಡು ಮಾತು. ಈಲಿಂಗ್‌ನವರ ಕಾಮಿಡಿಗಳಲ್ಲಿ ಮೊದಲ ಕಲರ್ ಚಿತ್ರ ಇದು. ನಿರ್ದೇಶಕ ಚಾರ್ಲ್ಸ್ ಕ್ರೈಟನ್ 1988ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ, ‘ಎ ಫಿಶ್ ಕಾಲ್ಡ್ ವಾಂಡಾ’ ಕೊಟ್ಟ ಗಟ್ಟಿಗ. ಕ್ಯಾಮರಾ ಹಿಡಿದ ಡಗ್ಲಸ್ ಸ್ಲೋಕಂಬ್ ಮುಂದೆ ಇಂಡಿಯಾನಾ ಜೋನ್ಸ್‌ನ ಮೊದಲ ಮೂರು ಚಿತ್ರಗಳಿಗೆ ಕೆಲಸ ಮಾಡಿದವರು. ಕಥೆಯ ಕೊನೆಗೆ ಮ್ಯೂಸಿಯಮ್ಮಿನಿಂದ ಹೊರಬರುವ ಮುದಿ ಇಂಜಿನ್ ಥಂಡರ್‌ಬೋಲ್ಟ್ ಸೆಟ್ ಅಲ್ಲ, ಅಸಲಿ! 1838ರಲ್ಲಿ ತಯಾರಾದ ‘ಲಯನ್’ ಎಂಬ ಇಂಜಿನ್ ಅದು, ಈಗ ಲಿವರ್‌ಪೂಲಿನ ಮ್ಯೂಸಿಯಮ್ಮಿನಲ್ಲಿದೆ. ಕಥೆಯೂ ಪೂರಾ ಗಾಳಿಗೋಪುರವಲ್ಲ. ವೇಲ್ಸ್ ನಾಡಿನ ಟಾಲಿಲಿನ್ ರೈಲನ್ನು 1951ರಲ್ಲಿ ಅಭಿಮಾನಿಗಳೇ ಸಂಬಳವಿಲ್ಲದೆ ಓಡಿಸಲು ಶುರುಮಾಡಿದ್ದರು. ಅದನ್ನು ಕಂಡೇ ಟಿ.ಇ.ಬಿ. ಕ್ಲಾರ್ಕ್ ಈ ಚಿತ್ರಕಥೆ ಬರೆದದ್ದು. ಶೂಟಿಂಗ್ ಆದ ಹಳಿ ಮಾತ್ರ ಉಳಿಯಲಿಲ್ಲ. ಚಿತ್ರ ಬಂದ ಮೇಲೆ ಅದನ್ನು ಕಿತ್ತೇ ಹಾಕಿದರು. ಸಿನಿಮಾದಲ್ಲಿ ಗೆದ್ದ ರೈಲು ನೆಲದ ಮೇಲೆ ಸೋತಿತು.

ಮಾವನನ್ನು ಮನೆಗೆ ಬಿಟ್ಟು ಬರುವಾಗ ಇದೇ ಯೋಚನೆ. ನಮ್ಮ ಮಂಡ್ಯದ ಕಡೆಯವರು ಕಾವೇರಿಗಾಗಿ ರೈಲು ತಡೆದು ಹೆಸರಾದವರು. ಹೆದ್ದಾರಿಯಲ್ಲಿ ಕೂತರೆ ಏಳಿಸುವವರು ಯಾರು? ಆದರೆ ಟಿಟ್‌ಫೀಲ್ಡ್‌ನವರ ಹಾಗೆ ‘ಇದು ನಮ್ಮದು, ನಿಲ್ಲಬಾರದು’ ಅಂದದ್ದೂ ಉಂಟು. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆ ಕೆಲವು ವರ್ಷ ನಿಂತೇ ಹೋಗಿತ್ತು. ಖಾಸಗಿಯವರಿಗೆ ಕೊಡಬೇಡಿ ಅಂತ ರೈತರು ಪಟ್ಟು ಹಿಡಿದರು. 2022ರಲ್ಲಿ ಅದು ಮತ್ತೆ ಕಬ್ಬು ಅರೆಯಿತು. ಇತ್ತ 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು, ಅದೂ ಮದ್ದೂರು ತಾಲ್ಲೂಕಿನಲ್ಲೇ. ಬೈಪಾಸಿನಲ್ಲಿ ಕಾರುಗಳು ಸೊಂಯ್ ಎಂದು ಹೋಗುತ್ತವೆ, ಹಳೇ ರಸ್ತೆಯ ವಡೆ ಅಂಗಡಿಗಳು ಗಿರಾಕಿಗಾಗಿ ದಾರಿ ನೋಡುತ್ತವೆ. ವೇಗ ಬೇಕು, ಬೇಡ ಅನ್ನುವವನಲ್ಲ ನಾನು. ಆದರೆ ಆ ವೇಗಕ್ಕೆ ಯಾರ ಒಲೆ ಆರಿತು ಅಂತ ಒಂದು ಸಲ ತಿರುಗಿ ನೋಡಬೇಡವೇ?

ಗೆಳೆಯರೇ, ಇದನ್ನೆಲ್ಲ ಸಿನಿಮಾ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮಗೂ ಒಂದು ಟಿಟ್‌ಫೀಲ್ಡ್ ಇದೆ. ಅದು ನಮ್ಮ ಊರಿನ ಟಾಕೀಸು. ನಾನು ಮೊದಲ ಸಿನಿಮಾ ನೋಡಿದ ಟಾಕೀಸಿನ ಗೇಟಿಗೆ ಈಗ ಬೀಗ. ಇನ್ನೂ ತೆರೆದಿರುವ ಕಡೆ ಮ್ಯಾಟಿನಿಗೆ ಹತ್ತು ಜನ ಇದ್ದರೆ ಪುಣ್ಯ. ಹೀರೋ ಕಟೌಟಿಗೆ ಹಾಲೆರೆಯಲು, ಹಾರ ಹಾಕಲು ಮರ ಹತ್ತಿದಂತೆ ಹತ್ತುತ್ತೀರಿ. ಆ ಕಟೌಟ್ ನಿಲ್ಲಬೇಕಾದ ಜಾಗ ಉಳಿಯಬೇಕಲ್ಲಪ್ಪ? ರೈಲು ನಿಂತುಹೋದ ಮೇಲೆ ಅತ್ತವರ ಕಥೆ ಅಲ್ಲ ಇದು, ನೋಟೀಸು ಅಂಟಿಸಿದ ದಿನವೇ ಎದ್ದವರ ಕಥೆ. ಅದಕ್ಕೇ ಇಷ್ಟು ನಗು ಬರುತ್ತದೆ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ಯ ವಠಾರ ನೋಡಿ ನಾವು ನಕ್ಕದ್ದೂ ಹೀಗೇ ತಾನೆ? ಹತ್ತು ಜನ ಜಗಳವಾಡುತ್ತಲೇ ಒಂದೇ ಸೂರಿನಡಿ ಬದುಕುತ್ತಾರೆ ಅಂತ.

ಟಿಟ್‌ಫೀಲ್ಡ್ ಸಿಕ್ಕರೆ ಖಂಡಿತ ನೋಡಿ. ಒಬ್ಬರೇ ಮೊಬೈಲಿನಲ್ಲಿ ನೋಡಬೇಡಿ. ನಾಲ್ಕು ಜನರನ್ನು ಕೂಡಿಸಿಕೊಂಡು, ಮನೆಯಲ್ಲಿ ರೈಲ್ವೆ ಮಾವ ಇದ್ದರೆ ಅವರನ್ನೂ ಕರೆದುಕೊಂಡು ನೋಡಿ. ಮತ್ತೆ ಮುಂದಿನ ಶುಕ್ರವಾರ ನಿಮ್ಮೂರಿನ ಟಾಕೀಸಿನಲ್ಲಿ ಒಂದು ಟಿಕೆಟ್ ಹರಿಸಿ. ಬಕೆಟ್ ನೀರು ಅಂದರೆ ಅದೇ!