ಎಡ ಪಕ್ಕೆಲುಬಿನ ಕೆಳಗೆ

ಧಾರವಾಡದಲ್ಲಿ ಜಿಟಿಜಿಟಿ ಮಳೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಅಕ್ಕನ ಮಗ ನನ್ನ ಹೆಗಲಿಗೆ ತಲೆ ಆನಿಸಿ ಕೂತಿದ್ದಾನೆ. ಹತ್ತೊಂಬತ್ತರ ಹುಡುಗ, ಕಾಲೇಜು ಕಬಡ್ಡಿ ತಂಡದ ರೈಡರ್. ಈಗ ಉಗುಳು ನುಂಗಲೂ ಮುಖ ಹಿಂಡುತ್ತಾನೆ. ಕತ್ತಿನಿಂದ ಎದೆಯವರೆಗೆ ದಡಾರದ ಹಾಗೆ ಕೆಂಪು ಚುಕ್ಕೆ.

"ಎಷ್ಟ ದಿನಾ ಆತಪಾ ಜ್ವರಾ ಬಂದು?"

"ಎಂಟ ದಿನಾ ಆತ್ರಿ ಸರ್."

"ಏನರ ಗುಳಿಗಿ ತಗೊಂಡಿಯೇನು?"

ಕಿಸೆಯಿಂದ ಖಾಲಿ ಪಟ್ಟಿ ತೆಗೆದುಕೊಡುತ್ತಾನೆ. ಅಮಾಕ್ಸಿಸಿಲಿನ್. ಗಂಟಲು ನೋವೆಂದು ಹಾಸ್ಟೆಲ್ ಗೆಳೆಯರು ತಂದುಕೊಟ್ಟದ್ದು. ಈ ಕಾಯಿಲೆಯಲ್ಲಿ ಆ ಗುಳಿಗೆ ನುಂಗಿದರೆ ಹೀಗೆ ಮೈಮೇಲೆ ಏಳುವುದುಂಟು ಎನ್ನುತ್ತಾರೆ ಡಾಕ್ಟರು, ರಕ್ತದ ವರದಿ ನೋಡುತ್ತ. ಬಿಳಿರಕ್ತಕಣಗಳಲ್ಲಿ ಲಿಂಫೋಸೈಟುಗಳೇ ಹೆಚ್ಚು, ಅವೂ ಆಕಾರಗೆಟ್ಟು ದೊಡ್ಡವಾಗಿವೆ. ಬಾಯಿಗೆ ಟಾರ್ಚ್ ಹಿಡಿದರೆ ಟಾನ್ಸಿಲ್‌ಗಳು ಒಂದಕ್ಕೊಂದು ತಾಗುವಷ್ಟು ಊದಿ ಬೆಳ್ಳಗಾಗಿವೆ. ಕತ್ತಿನ ಹಿಂದೆ ಸಾಲಾಗಿ ಗಂಟು.

ಮೋನೋನ್ಯೂಕ್ಲಿಯೋಸಿಸ್. ಎಪ್‌ಸ್ಟೀನ್-ಬಾರ್ ವೈರಸ್ಸಿನ ಕೆಲಸ. 1964ರಲ್ಲಿ ಲಂಡನ್ನಿನಲ್ಲಿ ಪತ್ತೆಯಾದ ಈ ವೈರಸ್ಸಿಗೂ ಈ ಜ್ವರಕ್ಕೂ ನಂಟಿದೆಯೆಂದು ತಿಳಿದದ್ದು ಫಿಲಡೆಲ್ಫಿಯಾದಲ್ಲಿ, ಹೆನ್ಲೆ ದಂಪತಿಯ ಪ್ರಯೋಗಾಲಯದ ಸಹಾಯಕಿಯೇ ಕಾಯಿಲೆ ಬಿದ್ದಾಗ. ಆಕೆಯ ರಕ್ತದಲ್ಲಿ ಮೊದಲು ಇರದ ಪ್ರತಿಕಾಯ ಆಮೇಲೆ ಕಾಣಿಸಿತ್ತು. ಎಂಜಲಿನಿಂದ ಹರಡುತ್ತದೆ, ನಾಲ್ಕರಿಂದ ಆರು ವಾರ ಒಳಗೇ ಅಡಗಿರುತ್ತದೆ. ಚಿಕ್ಕಂದಿನಲ್ಲಿ ಬಂದರೆ ನೆಗಡಿಯಷ್ಟೂ ಗೊತ್ತಾಗದೆ ಹೋಗಬಹುದು. ಹರೆಯದಲ್ಲಿ ಬಂದರೆ ಹೀಗೆ ಕೆಡವುತ್ತದೆ. ತಂಡದಲ್ಲಿ ಒಂದೇ ಬಾಟಲಿ ಎಲ್ಲರ ಬಾಯಿಗೆ ಹೋಗುತ್ತಿದ್ದುದು ನನಗೆ ನೆನಪಾಗುತ್ತದೆ.

"ಮಲಕೋ. ಉಸಿರ ಒಳಗ ಎಳಕೋ."

ಎಡ ಪಕ್ಕೆಲುಬಿನ ಕೆಳಗೆ ಹಗುರವಾಗಿ ಸರಿಯುತ್ತಿದ್ದ ಬೆರಳುಗಳು ಅಲ್ಲೇ ನಿಲ್ಲುತ್ತವೆ.

"ಗುಲ್ಮ ಬಾತದ. ಪೆಟ್ಟ ಬಿದ್ರ ಒಡದು ಹೊಟ್ಟಿಯೊಳಗ ರಕ್ತ ಹೋಗ್ತದ."

"ಸರ್, ಶನಿವಾರ ಮ್ಯಾಚ್ ಐತ್ರಿ..."

"ನಾಕು ವಾರ ಆಟದ ಹೆಸರ ತಗೀಬ್ಯಾಡ, ಭಾರ ಎತ್ತಬ್ಯಾಡ. ಆಮ್ಯಾಲೂ ನನಗ ತೋರಿಸೇ ಅಂಕಣಕ್ಕ ಇಳಿ."

ಹುಡುಗನ ಕಣ್ಣು ತುಂಬುತ್ತದೆ. ಅವನ ಕೈ ಹಿಡಿದುಕೊಳ್ಳುತ್ತೇನೆ, ಇನ್ನೂ ಬಿಸಿ. ಚೀಟಿಯಲ್ಲಿರುವುದು ಪ್ಯಾರಸಿಟಮಾಲ್ ಒಂದೇ. ಉಳಿದದ್ದು ಗಂಜಿ, ನೀರು, ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು, ನಿದ್ದೆ. ಜ್ವರ ಬಿಟ್ಟ ಮೇಲೂ ಸುಸ್ತು ವಾರಗಟ್ಟಲೆ ಇರುತ್ತದಂತೆ.

ಹಾಸ್ಟೆಲ್ ಮಕ್ಕಳ ತಂದೆತಾಯಂದಿರೇ, ಈ ಜ್ವರದ ನಡುವೆ ಎಡ ಹೊಟ್ಟೆಯ ಮೇಲ್ಭಾಗದಲ್ಲೋ ಎಡ ಹೆಗಲಲ್ಲೋ ತಟ್ಟನೆ ನೋವೆದ್ದರೆ ಬೆಳಗಾಗಲಿ ಎನ್ನಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.