ಕೂಡಿ ಬಾಳುವ ಮನೆ, ಕಾಡುವ ಸಂಶಯ

ವಿದ್ಯೆಗಾಗಿ, ಉದ್ಯೋಗಕ್ಕಾಗಿ ಊರು ಬಿಟ್ಟು ಪಟ್ಟಣ ಸೇರುವ ನಮ್ಮ ತರುಣರಲ್ಲಿ ಅನೇಕರು ಮೂವರು ನಾಲ್ವರು ಕೂಡಿ ಒಂದು ಬಾಡಿಗೆ ಮನೆ ಹಿಡಿಯುತ್ತಾರೆ. ಮಗನ ಊಟ, ಆರೋಗ್ಯ, ಸಹವಾಸಗಳ ಬಗ್ಗೆ ತಂದೆತಾಯಿಗಳು ಚಿಂತಿಸುತ್ತಾರೆ. ಜೊತೆಗಾರರೊಡನೆ ಮನಸ್ಸು ಮುರಿದಾಗ ಅವನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳಿ ಕಳುಹಿಸುವವರು ಮಾತ್ರ ವಿರಳ. ಕೂಡುಕುಟುಂಬದಲ್ಲಿ ಜಗಳ ಬಂದರೆ ಅಜ್ಜನೋ ದೊಡ್ಡಪ್ಪನೋ ನಡುವೆ ಬರುತ್ತಾರೆ. ಪ್ರಸಾದನಿಲಯದಲ್ಲಿ ಗಂಟೆಯಿದೆ, ನಿಯಮವಿದೆ, ಕೇಳುವ ಹಿರಿಯರಿದ್ದಾರೆ. ಬಾಡಿಗೆ ಮನೆಯಲ್ಲಿ ಎಲ್ಲರೂ ಸಮಾನರು. ಆದಕಾರಣ ಅಲ್ಲಿ ನ್ಯಾಯ ಹೇಳುವವರು ಯಾರೂ ಇರುವುದಿಲ್ಲ.

1993ರಲ್ಲಿ ನಾನು ಬೆಂಗಳೂರಿನ ವಿಜಯನಗರದ ಎರಡು ಕೋಣೆಗಳ ಮನೆಯೊಂದರಲ್ಲಿ ಗದಗು, ದಾವಣಗೆರೆ ಮತ್ತು ರಾಯಚೂರಿನ ಮೂವರು ಮಿತ್ರರೊಡನೆ ವಾಸವಾಗಿದ್ದೆ. ತಿಂಗಳ ಬಾಡಿಗೆಗೆಂದು ಕೂಡಿಸಿ ಅಡುಗೆಮನೆಯ ಡಬ್ಬಿಯಲ್ಲಿಟ್ಟಿದ್ದ 1,600 ರೂಪಾಯಿಗಳು ಒಂದು ಸೋಮವಾರ ಸಂಜೆ ಕಾಣದಾದವು. ಭಾನುವಾರ ಉಳಿದ ಮೂವರೂ ಹೊರಗೆ ಹೋಗಿದ್ದರು, ಮನೆಯಲ್ಲಿದ್ದವನು ನಾನೊಬ್ಬನೇ.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆದರೆ ಅಂದಿನವರೆಗೆ ತೆರೆದಿರುತ್ತಿದ್ದ ಟ್ರಂಕುಗಳಿಗೆ ಬೀಗ ಬಿದ್ದವು. ನಾನು ಒಳಗೆ ಕಾಲಿಟ್ಟೊಡನೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಆ ವಾರವೇ ಕೆಲಸದ ನಿಮಿತ್ತ ಬೆಂಗಳೂರಿಗೆ ಬಂದಿದ್ದ ನನ್ನ ಸೋದರಮಾವನ ಕಿವಿಗೂ ಈ ಸುದ್ದಿ ಬಿದ್ದಿತು. ಊರಿನಲ್ಲಿ ತಂಗಿಯ ಮದುವೆಯ ಮಾತುಕತೆ ನಡೆದಿದ್ದ ಸಮಯವದು. ಹೋದ ಹಣ ಒಂದು ತಿಂಗಳ ಬಾಡಿಗೆಯಷ್ಟೆ. ಹೋಗಲಿದ್ದುದು ಮನೆತನದ ಹೆಸರು. ಆಡದ ಆರೋಪಕ್ಕೆ ಉತ್ತರ ಕೊಡುವುದಾದರೂ ಹೇಗೆ?

ಎಂಟನೆಯ ದಿನ ರಾಯಚೂರಿನ ಗೆಳೆಯನು ನನ್ನ ಎದುರಿಗೆ ಬಂದು ಕುಳಿತು ಕೇಳಿದನು: "ನೋಡಪಾ, ಆ ರೊಕ್ಕ ನೀ ತಗೊಂಡೀಯೇನು? ಅಡಚಣಿ ಇತ್ತಂದ್ರ ಹೇಳು, ದಾರಿ ಹುಡುಕೋಣ. ಇಲ್ಲಂದ್ರ ನಿನ್ನ ಮಾತು ನಂಬತೀನಿ."

ಆ ಪ್ರಶ್ನೆಯಿಂದ ನೋವಾಯಿತು, ನಿಜ. ಆದರೆ ಎಂಟು ದಿನಗಳ ಮೌನಕ್ಕಿಂತ ಅದು ಎಷ್ಟೋ ಹಗುರವಾಗಿತ್ತು. "ಇಲ್ಲ" ಎಂದೆ. ಅಂದು ರಾತ್ರಿ ಅವನು ಎಲ್ಲರನ್ನೂ ಕೂಡಿಸಿ ಒಂದು ಹಾಳೆಯ ನಡುವೆ ಗೆರೆ ಎಳೆದನು. ಒಂದು ಬದಿಗೆ ಕಣ್ಣಾರೆ ಕಂಡದ್ದು, ಇನ್ನೊಂದು ಬದಿಗೆ ಊಹಿಸಿದ್ದು. ಹಣವನ್ನು ಕೊನೆಗೆ ಕಂಡದ್ದು ಶನಿವಾರ ರಾತ್ರಿ. ಆ ಬಳಿಕ ಗ್ಯಾಸ್ ಸಿಲಿಂಡರ್ ತಂದವನು ಅಡುಗೆಮನೆಯವರೆಗೆ ಬಂದು ಹೋಗಿದ್ದನು. ಸೋಮವಾರ ಹಗಲೆಲ್ಲ ಮನೆ ಖಾಲಿಯಾಗಿತ್ತು. ಬೀಗದ ಕೈಯನ್ನು ನಾವು ಬಾಗಿಲ ಚೌಕಟ್ಟಿನ ಮೇಲಿಡುತ್ತಿದ್ದುದು ಅರ್ಧ ಓಣಿಗೆ ಗೊತ್ತಿತ್ತು. ನನ್ನ ಹೆಸರು ಇದ್ದುದು ಊಹೆಯ ಬದಿಯಲ್ಲಿ ಮಾತ್ರ. ಸಿಲಿಂಡರಿನವನ ಹೆಸರನ್ನೂ ಅವನು ಅಲ್ಲಿಯೇ ಬರೆದನು; ಬಂದದ್ದನ್ನು ಕಂಡಿದ್ದೇವೆಯೇ ಹೊರತು ತೆಗೆದುಕೊಂಡದ್ದನ್ನಲ್ಲ ಎಂದನು.

ಹಣ ಕೊನೆಗೂ ಸಿಗಲಿಲ್ಲ. ತಲೆಗೆ 400 ರೂಪಾಯಿಯಂತೆ ನಾಲ್ವರೂ ನಷ್ಟವನ್ನು ಹಂಚಿಕೊಂಡೆವು. ಸೋದರಮಾವನಿಗೆ ಅವರೇ ಕಾಗದ ಬರೆದರು. ಮುಂದೆ ಎರಡು ವರ್ಷ ಅದೇ ಮನೆಯಲ್ಲಿ ಕೂಡಿ ಬಾಳಿದೆವು. ಕಳ್ಳನು ಪತ್ತೆಯಾಗದೆಯೂ ನಂಬಿಕೆ ಮರಳಿ ಬರಬಲ್ಲುದೆಂದು ನನಗೆ ತಿಳಿದದ್ದು ಆಗಲೇ. ಸಂಶಯ ಹುಟ್ಟುವುದು ಮನುಷ್ಯಸಹಜ. ಅದನ್ನು ಸಂಬಂಧಪಟ್ಟವನ ಮುಂದೆ ಆಡದೆ ಬೇರೆಯವರ ಕಿವಿಗೆ ಹಾಕುವುದೇ ಅನರ್ಥಕ್ಕೆ ಮೂಲ.

ಇಂದು ಕೂಡಿ ಬಾಳುವವರು ಕೆಲವು ವಿಷಯಗಳನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ವಾಡಿಕೆ ಬಹುಕಾಲದಿಂದ ಬಂದದ್ದು. ಈ ಮೊತ್ತವನ್ನು ಎಲ್ಲರೂ ಕೂಡಿ ಕೊಟ್ಟು, ಕರಾರುಪತ್ರವನ್ನು ಒಬ್ಬನ ಹೆಸರಿನಲ್ಲಿ ಮಾಡಿಸಿದರೆ ಮನೆ ಬಿಡುವಾಗ ವ್ಯಾಜ್ಯ ತಪ್ಪದು. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಅಗತ್ಯವಾದುದರಿಂದ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಅದರಲ್ಲಿ ಎಲ್ಲರ ಹೆಸರೂ ಇರಲಿ. ಯಾರ ಪಾಲು ಎಷ್ಟೆಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಲಿ. 2016ರಲ್ಲಿ ಬಂದ ಯುಪಿಐಯಿಂದಾಗಿ ಕೊಟ್ಟ ಹಣಕ್ಕೆ ದಾಖಲೆ ಉಳಿಯುತ್ತದೆ. ಆದರೂ ಹಾಲು, ದಿನಸಿ, ನೀರು, ವಿದ್ಯುತ್ತಿನ ಲೆಕ್ಕಕ್ಕೆ ಒಂದು ಪುಸ್ತಕವಿರಲಿ. ವಾರಕ್ಕೊಮ್ಮೆ ಎಲ್ಲರೂ ಕುಳಿತು ಓದಲಿ. ಲೆಕ್ಕವಿಡುವುದು ಸ್ನೇಹಕ್ಕೆ ಕುಂದಲ್ಲ, ಕಾವಲು. ದೊಡ್ಡ ಕಳವಾದರೆ ಪೊಲೀಸರಿಗೆ ದೂರು ಕೊಡಬಹುದು. ತಾವೇ ಮತ್ತೊಬ್ಬರ ಪೆಟ್ಟಿಗೆ ಒಡೆದು ಶೋಧಿಸುವುದು ಎಂದಿಗೂ ಸಲ್ಲದು.

ತಂದೆತಾಯಿಗಳಲ್ಲಿಯೂ ಒಂದು ವಿನಂತಿ. ಜೊತೆಗಾರನ ಮೇಲೆ ದೂರು ಹೇಳಲು ಮಗನೋ ಮಗಳೋ ಫೋನು ಮಾಡಿದಾಗ ಒಂದೇ ಪಕ್ಷದ ಮಾತು ಕೇಳಿ ತೀರ್ಪು ಕೊಡಬೇಡಿ. "ನೀನು ಕಂಡದ್ದೆಷ್ಟು, ಊಹಿಸಿದ್ದೆಷ್ಟು? ಅವರನ್ನೇ ಕೇಳಿದೆಯಾ?" ಎಂದು ಮೊದಲು ವಿಚಾರಿಸಿ. ಆ ಕಡೆಯ ಕೋಣೆಯಲ್ಲಿ ಇನ್ನೊಬ್ಬ ತಾಯಿಯ ಮಗುವೂ ನಿದ್ದೆಯಿಲ್ಲದೆ ಮಲಗಿರಬಹುದು.