ಹೂಂಗುಟ್ಟುವವರು ಬೇಕಾಗಿದ್ದಾರೆ

ಕಥೆ ಹೇಳುವವರು ಕಡಿಮೆಯಾಗುತ್ತಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ರಾಜ್ಯೋತ್ಸವದ ವೇದಿಕೆ ಹತ್ತಿ ಹೇಳುತ್ತಾರೆ, ಕೆಳಗಿಳಿದು ಉಪ್ಪಿಟ್ಟು ಕಾಫಿ ಮುಗಿಸಿ ಮನೆಗೆ ಹೋಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೇಳುವವರು ಇನ್ನೂ ಇದ್ದಾರೆ. ಕಡಿಮೆಯಾಗಿರುವವರು ಹೂಂಗುಟ್ಟುವವರು. ಬಿ.ಕಾಂ. ಓದುವವನಿಗೆ ಈ ಉಸಾಬರಿ ಯಾಕೆ ಎಂದು ಕನ್ನಡ ಸಾಹಿತ್ಯ ಓದುವ ಗೆಳೆಯರು ಹುಬ್ಬೇರಿಸಬಹುದು. ಕಾರಣವಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಹೂಂಗುಟ್ಟುವುದು ಅಂದರೆ ಏನೆಂದು ಹಳ್ಳಿಯಿಂದ ಬಂದವರಿಗೆ ಹೇಳಬೇಕಾಗಿಲ್ಲ. ಅಜ್ಜಿ ಒಂದು ಮಾತು ಹೇಳುತ್ತಾಳೆ, ನಾವು 'ಹೂಂ' ಅನ್ನಬೇಕು. ಇನ್ನೊಂದು ಮಾತು, ಇನ್ನೊಂದು ಹೂಂ. ಹೂಂ ನಿಂತಿತೋ, ಕಥೆಯೂ ನಿಂತಿತು. ನಮ್ಮಜ್ಜಿ ಅವರೆಕಾಯಿ ಸುಲಿಯುತ್ತಾ ಕಥೆ ಹೇಳುವಾಗ ನನಗೆ ತೂಕಡಿಕೆ ಬಂದರೆ ತಕ್ಷಣ ಕೈ ನಿಲ್ಲಿಸುತ್ತಿದ್ದಳು. 'ಹೂಂ ಅನ್ನಾಕಿಲ್ವಾ? ಹಂಗಾರೆ ಆ ರಾಜಕುಮಾರ ಕಾಡ್ನಾಗೇ ಇರ್ಲಿ ಬುಡು' ಅನ್ನುತ್ತಿದ್ದಳು. ಪಾಪ, ಎಷ್ಟೋ ರಾಜಕುಮಾರರು ನನ್ನ ನಿದ್ದೆಯಿಂದಾಗಿ ಬೆಳಗಿನ ತನಕ ಕಾಡಿನಲ್ಲೇ ಕಳೆದಿದ್ದಾರೆ.

ನಾನು ತಾಳವಾಡಿ ಕಡೆಯವನು. ಈರೋಡಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಸತ್ಯಮಂಗಲ ದಾಟಿ, ಬಣ್ಣಾರಿಯಲ್ಲಿ ಅಮ್ಮನಿಗೆ ಕೈಮುಗಿದು, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದರೆ ನಮ್ಮ ಸೀಮೆ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಅಲ್ಲೇ ಪಕ್ಕದಲ್ಲಿ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ, ನಾನು ಓದಿದ್ದೂ ಕನ್ನಡ ಮೀಡಿಯಂ ಶಾಲೆ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ಆದರೆ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿಗೆ ಆ ಗೆರೆ ಅಡ್ಡ ಬರಲಿಲ್ಲ. ತಂಬೂರಿ ಹೆಗಲಿಗೇರಿಸಿ ಆಚೆಗೂ ಈಚೆಗೂ ನಡೆದರು. ಅವರಲ್ಲಿಯೂ ಒಬ್ಬನೇ ಹಾಡಿ ಮುಗಿಸುವುದಿಲ್ಲ. ಮುಂದಿನವನು ಎತ್ತಿದ ಸೊಲ್ಲನ್ನು ಹಿಮ್ಮೇಳದವರು ತೆಗೆದುಕೊಳ್ಳಬೇಕು. ಆಗಲೇ ಕಥೆ ಒಂದು ಹೆಜ್ಜೆ ಮುಂದಕ್ಕೆ ಹೋಗುವುದು.

ಚೆನ್ನೈಗೆ ಓದಲು ಬಂದಾಗ ಇವೆಲ್ಲ ಘಾಟಿಯ ಮೇಲೇ ಉಳಿದವು ಅಂದುಕೊಂಡಿದ್ದೆ. ಇಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೇನೆ, ಪೆರಂಬೂರಿನ ಕಡೆ. ಅಲ್ಲೊಂದು ಸಣ್ಣ ಕನ್ನಡ ಸಂಘವಿದೆ. ಒಂದು ಹಾಲು, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಗಾಜು ಒಡೆದ ಒಂದು ಬೀರು, ಅದರ ತುಂಬ ಹಳೆಯ ಕಾದಂಬರಿಗಳು. ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ 6 ಗಂಟೆಗೆ ಅಲ್ಲಿ 'ಕಥೆಸಂಜೆ' ನಡೆಯುತ್ತದೆ. ಪುಸ್ತಕ ನೋಡಿ ಓದುವಂತಿಲ್ಲ, ಮೈಕಿಲ್ಲ. ಯಾರಾದರೂ ಹಿರಿಯರು ತಮಗೆ ಬರುವ ಜನಪದ ಕಥೆಯನ್ನು ಬಾಯಲ್ಲಿ ಹೇಳಬೇಕು. ಹೆಚ್ಚಾಗಿ ಹೇಳುವವರು ಒಬ್ಬ ಅಜ್ಜಿ. ಮದುವೆಯಾಗಿ ಕೊಳ್ಳೇಗಾಲದ ಕಡೆಯಿಂದ ಬಂದವರು, ಯಜಮಾನರು ಐ.ಸಿ.ಎಫ್. ಕಾರ್ಖಾನೆಯಲ್ಲಿ ರೈಲು ಬೋಗಿ ಕಟ್ಟಿ ನಿವೃತ್ತರಾಗಿ ತೀರಿಕೊಂಡವರು. ಐವತ್ತು ವರ್ಷ ಚೆನ್ನೈಯಲ್ಲಿದ್ದರೂ ಅವರ ಮಾತಿಗೆ ಸಮುದ್ರದ ಗಾಳಿ ತಾಗಿಲ್ಲ. ಮೊದಲ ಸಲ ಅವರ ಬಾಯಲ್ಲಿ 'ಒಂದೂರ್ನಲ್ಲಿ' ಎಂದು ಕೇಳಿದಾಗ ನನಗೆ ಅವರೆಕಾಯಿ ವಾಸನೆಯೇ ಬಂದಂತಾಯಿತು.

ಆದರೆ ಕೇಳುವವರದು ಬೇರೆ ಸಮಸ್ಯೆ. ದೊಡ್ಡವರು ಸಭೆಯಲ್ಲಿ ಕೂತಂತೆ ಕೈಕಟ್ಟಿ ಕೂರುತ್ತಾರೆ. ಕಥೆ ಮುಗಿದ ಮೇಲೆ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಕೊನೆಯಲ್ಲಿ ಕೊಡುವ ಸಂಬಳ, ಹೂಂ ದಾರಿಯುದ್ದಕ್ಕೂ ಕೊಡುವ ನೀರು. ಅಜ್ಜಿ ನಡುನಡುವೆ ನಿಲ್ಲಿಸಿ ಮುಖ ನೋಡುತ್ತಿದ್ದರು. ಯಾರೂ ದನಿ ಎತ್ತುತ್ತಿರಲಿಲ್ಲ. ಹಿಂದಿನ ಸಾಲಿನಿಂದ ನಾನೊಬ್ಬ 'ಹೂಂ' ಅಂದರೆ ಎಲ್ಲರೂ ತಿರುಗಿ ನೋಡುವರು, ಏನೋ ಅಪಶಬ್ದ ಆಡಿದವನನ್ನು ನೋಡುವಂತೆ.

ಕಳೆದ ಮಳೆಗಾಲದ ಒಂದು ಶನಿವಾರ ಹೊರಗೆ ಸುರಿಯುತ್ತಿತ್ತು. ಬಂದವರು 14 ಜನ, ಅದರಲ್ಲಿ ಮಕ್ಕಳು ಆರು. ಮಕ್ಕಳಿದ್ದಾರೆಂದು ಅಜ್ಜಿ ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದರು. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನ ಮನೆ ಕಲ್ಲಿನದು. ಮಳೆ ಬಂತು. ಕಾಗಕ್ಕನ ಮನೆ ಕರಗಿ ಹೋಯಿತು. ಮುಂದಿನ ಸಾಲಿನಲ್ಲಿದ್ದ ಏಳೆಂಟು ವರ್ಷದ ಹುಡುಗ ಒಬ್ಬ ಪ್ರತಿ ಮಾತಿಗೂ ಜೋರಾಗಿ 'ಆಮಾ' ಅನ್ನತೊಡಗಿದ. ತಮಿಳಿನಲ್ಲಿ ಹೌದು ಅನ್ನುವುದಕ್ಕೆ ಆಮಾ ಅನ್ನುತ್ತಾರಲ್ಲ, ಅದು. ಹಿರಿಯರೊಬ್ಬರಿಗೆ ಸಿಟ್ಟು ಬಂತು. 'ಏಯ್, ಇದು ಕನ್ನಡ ಸಂಘ. ಹೂಂ ಅನ್ನು, ಇಲ್ಲ ಸುಮ್ಮನಿರು' ಅಂದರು. ಹುಡುಗ ಸುಮ್ಮನಾದ. ಅಜ್ಜಿಯೂ ಸುಮ್ಮನಾದರು. ಆಮೇಲೆ ಅಂದರು: 'ಬುಡಿ ಸ್ವಾಮಿ. ಮಗ ಯಾವ ಬಾಸೇಲಾರ ಅನ್ಲಿ. ಕತೆಗೊಂದು ದನಿ ಬೇಕು, ಅಷ್ಟೆಯ.'

ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ಆ ಹುಡುಗನ ಆಮಾಕ್ಕೂ ಒಂದು ದೊಡ್ಡ ಮನೆತನವಿದೆ. ತಮಿಳರ ವಿಲ್ಲುಪಾಟ್ಟು ನೋಡಿದವರು ಬಲ್ಲರು. ತಿರುನೆಲ್ವೇಲಿ, ಕನ್ಯಾಕುಮಾರಿ ಸೀಮೆಯ ಕಲೆ. ಗೆಜ್ಜೆ ಕಟ್ಟಿದ ದೊಡ್ಡ ಬಿಲ್ಲನ್ನು ಕೋಲಿನಿಂದ ಬಡಿಯುತ್ತಾ ಮುಖ್ಯ ಹಾಡುಗಾರ ಕಥೆ ಹೇಳುತ್ತಾನೆ, ಪಕ್ಕದವರು ಮಾತುಮಾತಿಗೂ 'ಆಮಾ' ಎಂದು ಎತ್ತಿಕೊಡುತ್ತಾರೆ. ಆ ಕಲೆಯನ್ನು ಚೆನ್ನೈಯಲ್ಲಿ ಮನೆಮಾತಾಗಿಸಿದ ಸುಬ್ಬು ಆರುಮುಗಂ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು, 2022ರಲ್ಲಿ ಅವರು ತೀರಿಕೊಂಡರು. ಅವರ ಹಳೆಯ ಧ್ವನಿಮುದ್ರಿಕೆ ಕೇಳಿದಾಗ ನನಗೆ ಮೊದಲು ಹೊಳೆದದ್ದೇ ಇದು: ನಮ್ಮ ಹೂಂ, ನೀಲಗಾರರ ಹಿಮ್ಮೇಳ, ಇವರ ಆಮಾ ಮೂರೂ ಒಡಹುಟ್ಟಿದವು.

ಕಥೆ ಮುಂದುವರಿಯಿತು. ನೆನೆದ ಕಾಗಕ್ಕ ಬಂದು ಗುಬ್ಬಕ್ಕನ ಕದ ತಟ್ಟುತ್ತಾಳೆ. ಗುಬ್ಬಕ್ಕ, ತಾಳು ಮಗೂಗೆ ನೀರು ಹಾಕ್ತಿದೀನಿ, ತಾಳು ಮಗೂಗೆ ಉಣ್ಣಿಸ್ತಿದೀನಿ, ತಾಳು ಮಗೂನ ಮಲಗಿಸ್ತಿದೀನಿ ಎಂದು ನೆಪ ಹೇಳುತ್ತಾಳೆ. ಆಗ ಆ ಹುಡುಗ ಎದ್ದು ನಿಂತು ಕೇಳಿದ: 'ಪಾಟೀ, ಕಾಗಕ್ಕನ ವೀಡು ವೇಳಚೇರಿಲಯಾ ಇತ್ತು?'

ಎಲ್ಲರೂ ನಕ್ಕರು. ಅವನ ತಾಯಿ ನಗಲಿಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಇವರು ವೇಳಚೇರಿಯಲ್ಲಿ ನೆಲಮಹಡಿಯ ಮನೆಯಲ್ಲಿದ್ದರಂತೆ. ನೀರು ಮಂಚದ ಎತ್ತರಕ್ಕೆ ಬಂತಂತೆ. ಅಜ್ಜಿ ಅವನನ್ನು ಹತ್ತಿರ ಕರೆದು ಕೇಳಿದರು, 'ನಿಮ್ಗೆ ಯಾರಪ್ಪ ಕದ ತೆಗುದ್ರು?' 'ಮಾಡಿ ವೀಟು ಆಂಟಿ' ಅಂದ. ಮಹಡಿ ಮನೆಯ ಹೆಂಗಸು. 'ತಡ ಮಾಡುದ್ರಾ?' 'ಇಲ್ಲ. ಉಡನೇ ತೆಗೆದರು.' ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಅಂದರು, 'ಹಂಗಾರೆ ಗುಬ್ಬಕ್ಕನೂ ತಡ ಮಾಡ್ಲಿಲ್ಲ ಕನಪ್ಪ. ಮಗೂನ ಕಂಕ್ಳಾಗೆ ಎತ್ಕಂಡೇ ಓಡ್ಬಂದು ಕದ ತೆಗುದ್ಲು.'

ಕಾಫಿಯ ಹೊತ್ತಿಗೆ ದೊಡ್ಡ ಚರ್ಚೆ. ಕಥೆ ಹೀಗಲ್ಲ, ಅಜ್ಜಿ ಕೆಡಿಸಿಬಿಟ್ಟರು ಅಂದರು ಕೆಲವರು. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಮುಂದಿನ ತಿಂಗಳು ಅದೇ ಹುಡುಗ ತನ್ನ ತಂಗಿಗೆ ಹಾಲಿನ ಮೂಲೆಯಲ್ಲಿ ಒಂದು ಕಥೆ ಹೇಳುತ್ತಿದ್ದ. ಒನಕೆಗೆ ಉಲಕ್ಕೈ ಅಂದ, ಕದಕ್ಕೆ ಕದವು ಅಂದ. ಅರ್ಥಕ್ಕೇನೂ ಕೊರತೆಯಾಗಲಿಲ್ಲ. ಆದರೆ ಅಜ್ಜಿ ಕಥೆಯ ನಡುವೆ ರಾಗವಾಗಿ ಹೇಳುವ ಪ್ರಾಸದ ಸಾಲುಗಳು ಅವನ ಬಾಯಿಗೆ ಬರಲಿಲ್ಲ, ಅವನ್ನು ಬಿಟ್ಟು ಹಾರಿದ. ಆ ಸಾಲುಗಳು ಕನ್ನಡ ಬಿಟ್ಟು ಬೇರೆ ಕಡೆ ಉಸಿರಾಡುವುದಿಲ್ಲ. ಅದು ನಷ್ಟವೇ. ನಷ್ಟವನ್ನು ನಷ್ಟ ಅಂತಲೇ ಬರೆದುಕೊಳ್ಳಬೇಕೆಂದು ನಮ್ಮ ಶಾಸ್ತ್ರವೂ ಹೇಳುತ್ತದೆ. ಆದರೆ ಕಾಗಕ್ಕ, ಗುಬ್ಬಕ್ಕ, ಮಳೆ, ಕದ ಇಷ್ಟಂತೂ ಆ ಹುಡುಗನಿಂದ ಆ ಹುಡುಗಿಗೆ ದಾಟಿದವು. ಅವಳು ಹೂಂ ಅನ್ನುತ್ತಿದ್ದಳು.

ಈಗ ನನ್ನ ಕಾಮರ್ಸಿನ ವಿಷಯಕ್ಕೆ ಬರುತ್ತೇನೆ. ಕಥೆಸಂಜೆಯ ಲೆಕ್ಕ ಬರೆಯುವ ಕೆಲಸ ನನಗೆ ಬಿದ್ದಿದೆ. ಕಾಫಿಗೆ 300 ರೂಪಾಯಿ, ಹಾಲು ಗುಡಿಸುವವರಿಗೆ 100, ಅಜ್ಜಿಯ ಆಟೋಗೆ 200. ವರಮಾನದ ಕಡೆ ಸೊನ್ನೆ. ಈ ಲೆಕ್ಕ ನೋಡಿ ಸಮಿತಿಯಲ್ಲೊಂದು ಸಲಹೆ ಬಂದಿದೆ: ಅಜ್ಜಿಗೆ ಬರುವ ಕಥೆಗಳನ್ನೆಲ್ಲ ಎರಡು ದಿನ ಕೂರಿಸಿ ಮೊಬೈಲಿನಲ್ಲಿ ಹಿಡಿದುಬಿಡೋಣ, ಸಂಘದ ವಾಟ್ಸಾಪ್ ಗುಂಪಿಗೆ ಹಾಕೋಣ, ಬೇಕಾದವರು ಬೇಕಾದಾಗ ಕೇಳಲಿ, ಸಂಜೆಯನ್ನು ನಿಲ್ಲಿಸೋಣ. ಯುಗಾದಿಯ ಹೊತ್ತಿಗೆ ತೀರ್ಮಾನ.

ಹಿಡಿದಿಡುವುದು ಬೇಡ ಅನ್ನುವವನಲ್ಲ ನಾನು. ಎ.ಕೆ. ರಾಮಾನುಜನ್ ಹಿಡಿದಿಡದೆ ಹೋಗಿದ್ದರೆ ಮುಂದೆ ಹೇಳುವ ಕಥೆ ನನಗೆ ಸಿಗುತ್ತಲೇ ಇರಲಿಲ್ಲ. ಅವರದು ನಮ್ಮ ಕಥೆಯೇ ತಲೆಕೆಳಗಾದಂತೆ: ಮೈಸೂರಿನಲ್ಲಿ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ. ಕನ್ನಡದ ಬಾಯಿಕಥೆಗಳನ್ನು ವರ್ಷಗಟ್ಟಲೆ ಕೇಳಿ ಕೂಡಿಟ್ಟರು. 1993ರಲ್ಲಿ ಅವರು ತೀರಿಕೊಂಡ ಮೇಲೆ, 1997ರಲ್ಲಿ ಅವುಗಳಲ್ಲಿ 77 ಕಥೆಗಳು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು. ಅವರು ಕೂಡಿಟ್ಟ ಕಥೆಗಳಲ್ಲಿ ಒಂದು ಹೀಗಿದೆ.

ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಬರುತ್ತಿದ್ದವು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಇದ್ದೂ ಇದ್ದೂ ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಹಾರಿದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟದಲ್ಲಿ ನೇತಾಡಿತು. ಗಂಡ ಬಂದು ನೋಡಿ, ಮನೆಗೆ ಯಾರು ಬಂದಿದ್ದರು ಅಂದ. ಜಗಳವಾಯಿತು. ಅವನು ಮುನಿದು ಆಂಜನೇಯನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಸೇರಿ ಹರಟುತ್ತವಂತೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳಿತು. ಸಂಶಯ ಕಳೆದು, ಬೆಳಿಗ್ಗೆ ಮನೆಗೆ ಬಂದು ಆ ಕಥೆ, ಆ ಹಾಡು ಏನು ಎಂದು ಹೆಂಡತಿಯನ್ನು ಕೇಳಿದ. ಯಾವ ಕಥೆ, ಯಾವ ಹಾಡು ಅಂದಳು ಅವಳು. ಅವಳಿಗೆ ಮರೆತೇ ಹೋಗಿತ್ತು.

ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕ (1988) ಓದಿದವರಿಗೆ ಗುಡಿಯಲ್ಲಿ ಹರಟುವ ದೀಪದ ಕುಡಿಗಳ ಪರಿಚಯವಿದೆ. ರಾಮಾನುಜನ್ ಬಾಯಿಂದ ಕೇಳಿದ ಕಥೆಗಳಿಂದಲೇ ಅವರು ಆ ನಾಟಕ ಕಟ್ಟಿದರು. ನೋಡಿ, ರಾಮಾನುಜನ್ ಕೂಡಿಟ್ಟರು ನಿಜ, ಆದರೆ ಬಾಯಿಬಿಟ್ಟು ಹೇಳಿದರು, ಇನ್ನೊಬ್ಬರು ಕಿವಿಗೊಟ್ಟು ಕೇಳಿದರು. ಅದರಿಂದ ಒಂದು ನಾಟಕ ಹುಟ್ಟಿತು. ಮೊಬೈಲಿನಲ್ಲಿ ಕೂತ ಕಥೆಗೆ ವೇಳಚೇರಿಯ ಹುಡುಗ ಪ್ರಶ್ನೆ ಕೇಳಿದರೆ ಅದು ನಿಂತು ಯೋಚಿಸುತ್ತದೆಯೇ? ಗುಬ್ಬಕ್ಕ ಅಲ್ಲಿ ಯಾವತ್ತೂ ತಡವಾಗಿಯೇ ಕದ ತೆಗೆಯಬೇಕು.

ಅಕೌಂಟೆನ್ಸಿಯ ಮೊದಲ ಪಾಠ: ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ನೂರು ರೂಪಾಯಿ ಕೊಟ್ಟರೆ ನನ್ನಲ್ಲಿ ನೂರು ಕಡಿಮೆ. ಕಥೆ ಕೊಟ್ಟರೆ? ಅಜ್ಜಿಯ ಗಂಟಿನಲ್ಲಿ ಏನೂ ಕಡಿಮೆಯಾಗಲಿಲ್ಲ, ಹುಡುಗನಿಗೆ ಒಂದು ಬಂತು, ತಂಗಿಗೂ ಒಂದು ಬಂತು. ಇನ್ನೊಂದು ಪಾಠ ಸವಕಳಿಯದು. ಯಂತ್ರ ಬಳಸಿದಷ್ಟೂ ಸವೆಯುತ್ತದೆ, ವರ್ಷ ವರ್ಷ ಬೆಲೆ ಇಳಿಸಿ ಬರೆಯುತ್ತೇವೆ. ಕಥೆ ಮಾತ್ರ ಬಳಸದಿದ್ದರೆ ಸವೆಯುತ್ತದೆ. ಇದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ನಮ್ಮ ಮೇಷ್ಟರನ್ನು ಕೇಳಿದೆ. 'ಪರೀಕ್ಷೆಗೆ ಬರಲ್ಲ ಬಿಡಪ್ಪ' ಅಂದು ನಕ್ಕರು.

ಸಮಿತಿಗೆ ನಾನು ಬರೆದುಕೊಟ್ಟಿರುವುದು ಇಷ್ಟೇ: ಮೊಬೈಲಿನಲ್ಲೂ ಹಿಡಿಯಿರಿ, ಸಂಜೆಯನ್ನೂ ನಡೆಸಿ. 600 ರೂಪಾಯಿ ದೊಡ್ಡ ಮೊತ್ತವಲ್ಲ, ಖಾಲಿ ಕುರ್ಚಿಗಳೇ ದೊಡ್ಡ ಖರ್ಚು. ಅದನ್ನು ತುಂಬುವುದು ಸಮಿತಿಯ ಕೈಯಲ್ಲಿಲ್ಲ, ನಮ್ಮ ನಿಮ್ಮ ಕೈಯಲ್ಲಿದೆ.

ಆದ್ದರಿಂದ ಗೆಳೆಯರೇ, ಇದನ್ನು ಜಾಹೀರಾತು ಅಂತಲೇ ಓದಿಕೊಳ್ಳಿ. ಬರುವ ಎರಡನೇ ಶನಿವಾರ ಸಂಜೆ 6 ಗಂಟೆ. ಪೆರಂಬೂರು ಸ್ಟೇಷನ್ನಿನಿಂದ ನಡೆದು ಬರುವಷ್ಟೇ ದೂರ. ದಾರಿ ಗೊತ್ತಿಲ್ಲದವರು ಕಾಮರ್ಸ್ ಕ್ಲಾಸಿನಲ್ಲಿ ನನ್ನನ್ನು ಹುಡುಕಿ. ಕಥೆ ಬರುವುದಿಲ್ಲ ಎಂಬ ಸಂಕೋಚ ಬೇಡ, ವಿದ್ಯಾರ್ಹತೆ ಏನೂ ಬೇಡ. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಾಗ 'ಹೂಂ, ಆಮೇಲೆ?' ಅನ್ನಲು ಬಂದರೆ ಸಾಕು.